ಕೊನೆಯ ನುಡಿ ಬಾಕಿ ಉಳಿದ ಹಾಡುಗಳಿಗೆ

ಸಿರವಾರ ಸೀಮೆಯಲ್ಲಿ ಹಾಡು ಕಟ್ಟುವವರಿಗೆ ಬರವಿಲ್ಲ. ಭಜನೆಗೆ ತತ್ವಪದ ಬರೆಯುವವರು, ಮೊಹರಂಗೆ ರಿವಾಯತ್ ಪದ ಕಟ್ಟುವವರು, ಯೂಟ್ಯೂಬಿಗೆಂದು ಜಾನಪದ ಧಾಟಿ ಹಿಡಿದ ಹುಡುಗರು ಎಲ್ಲರೂ ಸಿಗುತ್ತಾರೆ. ನೋಟುಬುಕ್ಕು ತೆರೆದರೆ ಮಾತ್ರ ಪಲ್ಲವಿಗಳೇ ಹೆಚ್ಚು. ಕೇಳಿದರೆ, “ಕೊನೀ ನುಡಿ ಒಂದ್ ಬಾಕಿ ಐತ್ರಿ” ಅನ್ನುತ್ತಾರೆ. ಸೋಮಾರಿತನ ಎಂದು ತಮ್ಮನ್ನೇ ಬೈದುಕೊಳ್ಳುವವರೂ ಇದ್ದಾರೆ. ನನಗೆ ಹಾಗನಿಸುವುದಿಲ್ಲ. ಮುಗಿದ ಹಾಡನ್ನು ನಾಲ್ಕು ಮಂದಿಯ ಮುಂದೆ ಹಾಡಬೇಕಾಗುತ್ತದೆ, ಆ ಅಳುಕೇ ಪೆನ್ನು ತಡೆಯುತ್ತದೆ.

ಇದಕ್ಕೆ ಉಪಾಯ ಈ ನೆಲದ ದಾಸರಲ್ಲೇ ಇದೆ. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು ಮೂವರೂ ಹಾಡಿನ ಕೊನೆಗೆ ಅಂಕಿತವಿಟ್ಟರು: ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ. ಹಾಡು ಎಲ್ಲಿ ಹೋಗಿ ನಿಲ್ಲಬೇಕೆಂಬುದು ಶುರುವಿನಲ್ಲೇ ಗೊತ್ತಿರುತ್ತಿತ್ತು. ರಾಯಚೂರಿನ ಶಾಂತರಸರು ಕನ್ನಡದಲ್ಲಿ ಬೆಳೆಸಿದ ಗಜಲ್‌ಗೂ ಕೊನೆಯ ದ್ವಿಪದಿಯಲ್ಲಿ ಕವಿಯ ಹೆಸರು ಬರುವ ರೂಢಿಯುಂಟು. ಹಾಗಾಗಿ ಪಲ್ಲವಿ ಆದ ಕೂಡಲೇ ಮುಂದಿನ ನುಡಿಗೆ ಹೋಗಬೇಡಿ, ಕೊನೆಯ ಸಾಲು ಬರೆದಿಡಿ. ನಿಮ್ಮ ಹೆಸರೋ, ಗುರುವೋ, ಊರ ದೇವರೋ ಇರಲಿ. ಆಮೇಲೆ ಬದಲಾದರೂ ನಷ್ಟವಿಲ್ಲ.

ಮುಂದೆ ಧಾಟಿ. ಒಂದು ಹಾಡಿಗೆ ಒಂದೇ ಧಾಟಿ, ನಡುವೆ ಕೈಬಿಡುವ ಹಾಗಿಲ್ಲ. ‘ಹರಿಕಥಾಮೃತಸಾರ’ದ 32 ಸಂಧಿಗಳನ್ನೂ ಜಗನ್ನಾಥದಾಸರು ಭಾಮಿನಿ ಷಟ್ಪದಿಯಲ್ಲೇ ನಡೆಸಿದರು. 1, 2, 4, 5ನೇ ಸಾಲಿಗೆ 14 ಮಾತ್ರೆ, 3 ಮತ್ತು 6ಕ್ಕೆ 23. ಪ್ರತಿ ಪದ್ಯಕ್ಕೂ ಹೊಸ ಅಳತೆ ಹುಡುಕುವ ಗೋಜೇ ಇಲ್ಲ. ಅಳತೆ ಗೊತ್ತಿದ್ದರೆ ‘ಏನು ಬರೆಯಲಿ’ ಎಂಬ ದೊಡ್ಡ ಭಯ ಹೋಗಿ, ‘ಇಷ್ಟು ಜಾಗಕ್ಕೆ ಏನು ಕೂಡಿಸಲಿ’ ಎಂಬ ಸಣ್ಣ ಲೆಕ್ಕ ಉಳಿಯುತ್ತದೆ.

ನುಡಿ ಸಿಕ್ಕಿಕೊಂಡಾಗ ಪ್ರಾಸದ ಪಟ್ಟಿ ಮಾಡಿ. ಹತ್ತಿ ಬಿಡಿಸುವ ಹೆಣ್ಣುಮಕ್ಕಳ ಮೇಲೆ ಹಾಡು ಕಟ್ಟುತ್ತಿದ್ದೀರಿ ಅನ್ನಿ. ಹಾಳೆಯ ಅಂಚಿಗೆ ಸಾಲಾಗಿ ಬರೆಯಿರಿ: ಹತ್ತಿ, ನೆತ್ತಿ, ಬುತ್ತಿ, ಹೊತ್ತು, ಮುತ್ತು, ಬಿತ್ತು. ನೆತ್ತಿ ಅಂದೊಡನೆ ಬಿಸಿಲು ಬಂತು, ಬುತ್ತಿ ಅಂದರೆ ಬದುವಿನ ಮೇಲಿನ ರೊಟ್ಟಿ ಗಂಟು, ಹೊತ್ತು ಅಂದರೆ ಮನೆಗೆ ಮರಳುವ ಟಂಟಂ. ಬಿತ್ತು ಅಂದಾಗ ದರ ಬಿದ್ದದ್ದು ನೆನಪಾದರೆ ಅದನ್ನೂ ಬಿಡಬೇಡಿ. ಎರಡನೇ ಅಕ್ಷರದ ಪ್ರಾಸವೇ ಮುಂದಿನ ಚಿತ್ರ ತೋರಿಸುತ್ತದೆ. ಇಷ್ಟಾದರೂ ಪದ ಸಿಗದ ಕಡೆ ‘ತಾನನ’ ಎಂದು ತುಂಬಿ ಮುಂದೆ ನಡೆಯಿರಿ. ಬೆಳಿಗ್ಗೆ ವಾಟ್ಸ್‌ಆ್ಯಪ್ ನೋಡುವ ಮುಂಚಿನ ಅರ್ಧ ತಾಸು ಇದಕ್ಕೆ ಸಾಕು.

ತಾರೀಖು ಮಾತ್ರ ನಿಮ್ಮ ಕೈಯಲ್ಲಿರಬಾರದು. ಅಮಾವಾಸ್ಯೆ ಭಜನೆ, ಶ್ರಾವಣ ಸೋಮವಾರ, ಊರ ಜಾತ್ರೆ, ಯಾವುದಾದರೂ ಒಂದಕ್ಕೆ “ಹೊಸಾ ಪದ ಹಾಡ್ತೀನ್ರಿ” ಎಂದು ಮಂಡಳಿಯವರಿಗೆ ಮೊದಲೇ ಹೇಳಿಬಿಡಿ. ಪುರಂದರದಾಸರು 5 ಲಕ್ಷ ಕೃತಿಗಳ ಸಂಕಲ್ಪದಲ್ಲಿ ಉಳಿಸಿದ 25,000ವನ್ನು ವಿಜಯದಾಸರು ಪೂರೈಸಿದರೆಂಬ ಪ್ರತೀತಿ ಇದೆ. ನಮ್ಮ ಬಾಕಿ ತೀರಿಸಲು ಹಾಗೆ ಯಾರೂ ಹುಟ್ಟಿಬರುವುದಿಲ್ಲ!

ಮಂಡಳಿಯ ಮುಂದೆ ಹಾಡುವುದಕ್ಕೂ ಮುಂಚೆ ಒಬ್ಬರಿಗೆ ಕೇಳಿಸಿ. ಸಾಹಿತ್ಯ ಬಲ್ಲ ಮೇಷ್ಟ್ರಿಗಿಂತ ಪೇಟಿ ನುಡಿಸುವವರು ಮೇಲು. “ಹೆಂಗೈತಣ್ಣ?” ಅಂತ ಕೇಳಿದರೆ “ಚೊಲೋ ಐತಿ” ಅಂದು ಎದ್ದು ಹೋಗುತ್ತಾರೆ. “ಎಲ್ಲಿ ಉಸಿರು ಸಾಲಲಿಲ್ಲ?” ಅಂತ ಕೇಳಿ. ಬೆರಳಿಟ್ಟು ತೋರಿಸುತ್ತಾರೆ, ತಿದ್ದಬೇಕಾದದ್ದು ಆ ಸಾಲಷ್ಟೇ.

ಇನ್ನು ಕಳವಿನ ಭಯ. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಬರೆದಿಟ್ಟ ಕ್ಷಣದಿಂದಲೇ ಸಾಹಿತ್ಯದ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ನಿಮ್ಮ ನಂತರವೂ 60 ವರ್ಷ ಆ ಹಕ್ಕು ವಾರಸುದಾರರಿಗಿರುತ್ತದೆ. ತಾರೀಖು ಹಾಕಿ ಬರೆದಿಡಿ, ಮೊಬೈಲಿನಲ್ಲಿ ಹಾಡಿಕೊಂಡು ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಿ. ಹಾಡನ್ನು ಕಂಪನಿಗೆ ಕೊಡುವಾಗ ಕರಾರುಪತ್ರದಲ್ಲಿ ರಾಯಧನದ ಕಲಮು ಹುಡುಕಿ ಓದಿ. 2012ರ ತಿದ್ದುಪಡಿಯ ನಂತರ ಗೀತರಚನೆಕಾರರ ರಾಯಧನದ ಹಕ್ಕನ್ನು ಕಂಪನಿಗಳು ತಮ್ಮ ಹೆಸರಿಗೆ ಬರೆಸಿಕೊಳ್ಳುವಂತಿಲ್ಲ.