ನಕ್ಷತ್ರ ಆಮೆಯ ಮರುಪ್ರಯಾಣ

ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಮಳೆ ಬಿದ್ದು ಹುಲ್ಲು ಚಿಗುರಿದಾಗ ಪುಟ್ಟ ಪ್ರಾಣಿಯೊಂದು ಪೊದೆಯ ಮರೆಯಿಂದ ಮೆಲ್ಲನೆ ಹೊರಬರುತ್ತದೆ. ಅದರ ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದ ಕಿರಣಗಳಂತೆ ಹರಡಿರುತ್ತವೆ. ಇದೇ ನಕ್ಷತ್ರ ಆಮೆ. ದಕ್ಷಿಣ ಭಾರತದ ಒಣನೆಲ, ಗುಜರಾತ್ ಮತ್ತು ರಾಜಸ್ಥಾನದ ಕೆಲವು ಭಾಗಗಳು ಹಾಗೂ ಶ್ರೀಲಂಕೆ ಇದರ ನೆಲೆಗಳು. ಬಿಸಿಲು ನೆರಳು ಬೆರೆತ ಹುಲ್ಲಿನ ನಡುವೆ ಆ ಗೆರೆಗಳು ಆಮೆಯನ್ನು ಶತ್ರುಗಳ ಕಣ್ಣಿನಿಂದ ಮರೆಮಾಡುತ್ತವೆ. ಆದರೆ ಅದಕ್ಕೆ ರಕ್ಷೆಯಾಗಿದ್ದ ಚೆಲುವೇ ಮನುಷ್ಯನ ಆಸೆಯನ್ನು ಕೆರಳಿಸಿ ಅದಕ್ಕೆ ಮುಳುವಾಯಿತು.

ಆಮೆ ಮನೆಯಲ್ಲಿದ್ದರೆ ಅದೃಷ್ಟ ಒಲಿಯುವುದೆಂದು ಕೆಲವರು ನಂಬುತ್ತಾರೆ. ಹೊರದೇಶಗಳಲ್ಲಿ ಇದನ್ನು ಮುದ್ದಿಗಾಗಿ ಸಾಕುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇದನ್ನು ಹಿಡಿದು ಮಾರುವುದನ್ನು ನಿಷೇಧಿಸಿದ್ದರೂ ಕಳ್ಳಸಾಗಣೆ ನಿಂತಿಲ್ಲ. ಆಮೆ ಕೂಗುವುದಿಲ್ಲ, ಓಡುವುದಿಲ್ಲ. ಆಹಾರವಿಲ್ಲದೆ ಹಲವು ದಿನ ಬದುಕಬಲ್ಲದು. ಈ ಸಾಧುಗುಣಗಳೇ ಕಳ್ಳರಿಗೆ ಅನುಕೂಲವಾಗಿವೆ. ಪೆಟ್ಟಿಗೆಗಳಲ್ಲಿ ಒತ್ತೊತ್ತಾಗಿ ತುಂಬಿ ಸಾಗಿಸುವಾಗ ಎಷ್ಟೋ ಆಮೆಗಳು ದಾರಿಯಲ್ಲೇ ಸಾಯುತ್ತವೆ.

ಈ ವ್ಯಾಪಾರವು ಒಂದು ಸರಪಳಿಯಂತಿದೆ. ಹೊಲದ ಬದುವಿನಲ್ಲಿ ಆಮೆಯನ್ನು ಹಿಡಿಯುವವನು ಒಬ್ಬ, ಅವನಿಂದ ಕೊಳ್ಳುವ ದಲ್ಲಾಳಿ ಇನ್ನೊಬ್ಬ, ಗಡಿ ದಾಟಿಸುವವನು ಮತ್ತೊಬ್ಬ, ವಿದೇಶದಲ್ಲಿ ಮಾರುವವನು ಮಗದೊಬ್ಬ. ಕಳ್ಳನಿಗೆ ಗಡಿಯೆಂಬುದಿಲ್ಲ; ಕಾನೂನಿಗೆ ಮಾತ್ರ ಗಡಿಯುಂಟು. ಅರಣ್ಯಾಧಿಕಾರಿಯ ಅಧಿಕಾರ ತನ್ನ ರಾಜ್ಯಕ್ಕೆ ಸೀಮಿತ. ಸುಂಕದ ಅಧಿಕಾರಿಯ ಕಣ್ಣು ವಿಮಾನ ನಿಲ್ದಾಣ ಮತ್ತು ಬಂದರುಗಳ ಮೇಲೆ. ಪೆಟ್ಟಿಗೆ ಹೊತ್ತವನೊಬ್ಬನನ್ನೇ ಹಿಡಿದು ಸುಮ್ಮನಾದರೆ ನಾಳೆ ಅವನ ಸ್ಥಾನಕ್ಕೆ ಬೇರೊಬ್ಬ ಬರುತ್ತಾನೆ. ಸರಪಳಿ ಕಡಿಯಬೇಕಾದರೆ ಒಬ್ಬರಿಗೆ ದೊರೆತ ಸುಳಿವು ಉಳಿದವರೆಲ್ಲರಿಗೂ ಬೇಗನೆ ತಲುಪಬೇಕು.

ಈ ಸತ್ಯವನ್ನು ರಾಷ್ಟ್ರಗಳು ಕ್ರಮೇಣ ಅರಿತುಕೊಂಡವು. ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸಲು 1973ರಲ್ಲಿ ವಾಷಿಂಗ್‌ಟನ್ನಿನಲ್ಲಿ 'ಸೈಟಿಸ್' ಎಂಬ ಒಪ್ಪಂದವಾಯಿತು. 1976ರಲ್ಲಿ ಭಾರತವೂ ಅದನ್ನು ಸೇರಿತು. ಅರಣ್ಯ, ಪೊಲೀಸ್ ಮತ್ತು ಸುಂಕದ ಇಲಾಖೆಗಳನ್ನು ಒಂದುಗೂಡಿಸಲು 2007ರಲ್ಲಿ ನಮ್ಮ ದೇಶದಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ಸ್ಥಾಪನೆಯಾಯಿತು. 2010ರಲ್ಲಿ ಇಂಟರ್‌ಪೋಲ್, ವಿಶ್ವ ಸುಂಕ ಸಂಘಟನೆ ಮೊದಲಾದ ಐದು ಅಂತರರಾಷ್ಟ್ರೀಯ ಸಂಸ್ಥೆಗಳು ಇದೇ ಉದ್ದೇಶಕ್ಕಾಗಿ ಕೈಜೋಡಿಸಿದವು. 2019ರಲ್ಲಿ ಭಾರತ, ಶ್ರೀಲಂಕಾ ಮೊದಲಾದ ರಾಷ್ಟ್ರಗಳ ಕೋರಿಕೆಯಂತೆ ಸೈಟಿಸ್ ಸಮ್ಮೇಳನವು ನಕ್ಷತ್ರ ಆಮೆಯನ್ನು ತನ್ನ ಮೊದಲನೆಯ ಅನುಬಂಧಕ್ಕೆ ಸೇರಿಸಿತು. ಕಾಡಿನಿಂದ ಹಿಡಿದ ನಕ್ಷತ್ರ ಆಮೆಗಳನ್ನು ದೇಶದಿಂದ ದೇಶಕ್ಕೆ ಮಾರುವುದಕ್ಕೆ ಇದರಿಂದ ಪೂರ್ಣ ನಿಷೇಧ ಬಂದಿತು.

ಸಹಕಾರದ ಫಲ ಇದಕ್ಕೂ ಮುನ್ನವೇ ಕಣ್ಣಿಗೆ ಕಂಡಿತ್ತು. 2018ರ ನವೆಂಬರ್ ತಿಂಗಳಲ್ಲಿ 51 ನಕ್ಷತ್ರ ಆಮೆಗಳು ಸಿಂಗಾಪುರದಿಂದ ವಿಮಾನದಲ್ಲಿ ಬೆಂಗಳೂರಿಗೆ ಮರಳಿ ಬಂದವು. ಅಲ್ಲಿ ರಕ್ಷಿಸಲ್ಪಟ್ಟಿದ್ದ ಅವುಗಳನ್ನು ಕರೆತರಲು ಎರಡೂ ದೇಶಗಳ ಪ್ರಾಣಿದಯಾ ಸಂಸ್ಥೆಗಳೂ ಕರ್ನಾಟಕದ ಅರಣ್ಯ ಇಲಾಖೆಯೂ ಜೊತೆಗೂಡಿ ಶ್ರಮಿಸಿದವು. ಇಂತಹ ಆಮೆಗಳನ್ನು ತಂದೊಡನೆ ಕಾಡಿಗೆ ಬಿಡುವಂತಿಲ್ಲ. ಅವುಗಳಿಗೆ ರೋಗ ತಗಲಿದ್ದರೆ ಕಾಡಿನ ಆಮೆಗಳಿಗೂ ಹರಡೀತು. ಆದ್ದರಿಂದ ಅವುಗಳನ್ನು ಪ್ರತ್ಯೇಕವಾಗಿರಿಸಿ, ಪರೀಕ್ಷಿಸಿ, ತಕ್ಕ ನೆಲೆಯನ್ನು ಆರಿಸಬೇಕಾಗುತ್ತದೆ.

ಒಂದು ಆಮೆಯನ್ನು ಕಾಡಿನಿಂದ ಕದಿಯಲು ಒಬ್ಬನ ದುರಾಸೆ ಸಾಕು. ಅದನ್ನು ಮರಳಿ ತರಲು ಅನೇಕರ ಶ್ರಮ ಬೇಕು. ಕೊಳ್ಳುವವರಿಲ್ಲದಿದ್ದರೆ ಕದಿಯುವವರೂ ಇರುವುದಿಲ್ಲ. ಆದುದರಿಂದ ಈ ಸಹಕಾರವು ಅಧಿಕಾರಿಗಳ ನಡುವೆ ಮಾತ್ರ ಇದ್ದರೆ ಸಾಲದು. ಕಾಡುಪ್ರಾಣಿಯನ್ನು ಕೊಳ್ಳಲೊಲ್ಲದ, ಮಾರುವವರ ಸುಳಿವನ್ನು ಅರಣ್ಯ ಇಲಾಖೆಗೆ ತಿಳಿಸುವ ಪ್ರತಿಯೊಬ್ಬ ಪ್ರಜೆಯೂ ಇದರಲ್ಲಿ ಪಾಲುಗಾರನಾಗಿದ್ದಾನೆ.