ಅಸ್ಥಿಮಜ್ಜೆಯ ಕಸಿ: ಯಾರದು ಯಾರಿಗೆ ಹೊಂದುತ್ತದೆ?

ಕಳೆದ ಮಳೆಗಾಲದಲ್ಲಿ ಒಂದು ದಿನ ಪಾಠ ಮುಗಿದ ತರುವಾಯ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ನಮ್ಮ ಮೇಜಿನ ಬಳಿ ಬಂದು ನಿಂತನು. "ಗುರುಗಳೇ, ನನ್ನ ಮಜ್ಜೆ ತಂಗಿಗೆ ಹೊಂದಲಿಲ್ಲವಂತೆ. ನಾನು ಸರಿಯಾಗಿ ಊಟ ಮಾಡದ್ದರಿಂದ ಹೀಗಾಯಿತೇ?" ಎಂದು ಕೇಳಿದನು. ಆತನ ತಂಗಿಗೆ ಥಲಸ್ಸೇಮಿಯಾ ಎಂಬ ರಕ್ತರೋಗವಿದ್ದು, ಮೂರು ನಾಲ್ಕು ವಾರಗಳಿಗೊಮ್ಮೆ ಪರರ ರಕ್ತವನ್ನು ಏರಿಸಬೇಕಾಗುತ್ತದೆ. ಆ ಹುಡುಗನಿಗೆ ಅಂದು ನಾವಿತ್ತ ಉತ್ತರವನ್ನೇ ಇಲ್ಲಿ ಎಲ್ಲರಿಗಾಗಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇವೆ.

ಮಜ್ಜೆ ಎಂದರೇನು? ಎಲುಬು ಹೊರಗೆ ಗಟ್ಟಿಯಾಗಿದ್ದರೂ ಸೊಂಟ, ಎದೆ, ಬೆನ್ನುಗಳ ಎಲುಬುಗಳ ಒಳಗೆ ಮೆತ್ತನೆಯ ಕೆಂಪು ತಿರುಳಿರುತ್ತದೆ. ಇದೇ ಅಸ್ಥಿಮಜ್ಜೆ. ಇದರಲ್ಲಿರುವ ಆಕರಕೋಶಗಳಿಂದಲೇ ರಕ್ತದ ಕೆಂಪು ಕಣಗಳು, ಬಿಳಿ ಕಣಗಳು, ಕಿರುಬಿಲ್ಲೆಗಳು ಹುಟ್ಟುತ್ತವೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನಗಳು ಮಾತ್ರ. ಆದುದರಿಂದ ಈ ಕಾರ್ಖಾನೆಗೆ ಬಿಡುವೆಂಬುದಿಲ್ಲ. ಕಾರ್ಖಾನೆಯೇ ಕೆಟ್ಟಿದ್ದರೆ ಹೊರಗಿನಿಂದ ಕೊಟ್ಟ ರಕ್ತ ಕೆಲವು ವಾರಗಳಿಗಷ್ಟೇ ಸಾಕಾದೀತು. ಕಾರ್ಖಾನೆಯನ್ನೇ ಬದಲಿಸುವುದು ಕಸಿಯ ಉದ್ದೇಶ.

ಮೊದಲು ತೀಕ್ಷ್ಣವಾದ ಔಷಧಗಳಿಂದ ರೋಗಿಯ ಮಜ್ಜೆಯನ್ನು ತೆರವು ಮಾಡುತ್ತಾರೆ. ಅನಂತರ ದಾನಿಯ ಆಕರಕೋಶಗಳನ್ನು ರಕ್ತವನ್ನು ಕೊಡುವಂತೆಯೇ ರಕ್ತನಾಳದ ಮೂಲಕ ಒಳಸೇರಿಸುತ್ತಾರೆ. ಅವು ತಾವಾಗಿಯೇ ದಾರಿ ಹುಡುಕಿಕೊಂಡು ಎಲುಬಿನೊಳಗೆ ನೆಲಸಿ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಹೊಸ ರಕ್ತವನ್ನು ಮಾಡತೊಡಗುತ್ತವೆ.

ಮಾವಿನ ಗಿಡಕ್ಕೆ ಕಸಿ ಕಟ್ಟುವುದನ್ನು ಊರಿಗೆ ಹೋದಾಗ ನೀವು ಕಂಡಿರಬಹುದು. ಮಾವಿಗೆ ಮಾವೇ ಹೊಂದುವಂತೆ ಇಲ್ಲಿಯೂ ಹೊಂದಾಣಿಕೆ ಬೇಕು. ಹೊಂದದಿದ್ದರೆ ಹೊಸ ಮಜ್ಜೆಯ ಬಿಳಿ ಕಣಗಳು ರೋಗಿಯ ದೇಹವನ್ನೇ ಪರಕೀಯವೆಂದು ಬಗೆದು ಅದರ ಮೇಲೆ ಬೀಳುತ್ತವೆ. ತನ್ನದು, ಪರರದು ಎಂದು ತಿಳಿಸುವ ಗುರುತುಗಳು ನಮ್ಮ ಜೀವಕೋಶಗಳ ಮೇಲಿವೆ. ಇವುಗಳಿಗೆ ಎಚ್.ಎಲ್.ಎ. ಎಂದು ಹೆಸರು. ಇಂತಹ ಮೊದಲ ಗುರುತನ್ನು 1958ರಲ್ಲಿ ಕಂಡ ಫ್ರಾನ್ಸಿನ ಝಾನ್ ದೋಸೆ ಅವರಿಗೆ 1980ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ರಕ್ತದ ಗುಂಪೇ ಬೇರೆ, ಈ ಗುರುತುಗಳೇ ಬೇರೆ. ಗುಂಪು ಬೇರೆಯಾಗಿದ್ದರೂ ಕಸಿ ಸಾಧ್ಯ. ಬಳಿಕ ರೋಗಿಯ ರಕ್ತವು ದಾನಿಯ ಗುಂಪಿಗೇ ಮಾರ್ಪಡುತ್ತದೆ.

ಗುರುತುಗಳ ಒಂದು ಕಟ್ಟು ತಂದೆಯಿಂದಲೂ ಒಂದು ಕಟ್ಟು ತಾಯಿಯಿಂದಲೂ ಮಗುವಿಗೆ ಬರುತ್ತದೆ. ತಂದೆಯಲ್ಲಿ 'ಅ', 'ಆ' ಎಂಬ ಕಟ್ಟುಗಳೂ ತಾಯಿಯಲ್ಲಿ 'ಇ', 'ಈ' ಎಂಬ ಕಟ್ಟುಗಳೂ ಇವೆಯೆನ್ನೋಣ. ಮಗುವಿಗೆ ಅ-ಇ, ಅ-ಈ, ಆ-ಇ, ಆ-ಈ ಈ ನಾಲ್ಕರಲ್ಲಿ ಒಂದು ಜೋಡಿ ಒದಗುತ್ತದೆ. ಹೀಗಾಗಿ ಒಬ್ಬ ಅಣ್ಣನ ಜೋಡಿ ತಂಗಿಯದಕ್ಕೆ ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಇಬ್ಬರು ಒಡಹುಟ್ಟಿದವರಿದ್ದರೆ ಒಬ್ಬರಾದರೂ ಹೊಂದುವ ಸಂಭವ ಹದಿನಾರರಲ್ಲಿ ಏಳು. ಮೂವರಿದ್ದರೆ? ಲೆಕ್ಕವನ್ನು ನೀವೇ ಮಾಡಿ ನೋಡಿರಿ. ಊಟ, ನಡತೆ, ಅಕ್ಕರೆ ಇವುಗಳಿಗೆ ಈ ಲೆಕ್ಕದಲ್ಲಿ ಸ್ಥಾನವಿಲ್ಲ. ತಂಗಿಯು ಹುಟ್ಟುವ ಮೊದಲೇ ಅದು ತೀರ್ಮಾನವಾಗಿತ್ತು.

ನಾಲ್ಕರಲ್ಲಿ ಒಂದಾದ ಆ ಭಾಗ್ಯ 1983ರಲ್ಲಿ ನಮ್ಮ ನಗರದಲ್ಲಿಯೇ ಒಂದು ಮನೆಗೆ ಒದಗಿತು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್ ತಗಲಿದ್ದ ಒಂಬತ್ತು ವರ್ಷದ ಬಾಲಿಕೆಗೆ ಆಕೆಯ ಸೋದರನ ಮಜ್ಜೆಯನ್ನು ಡಾಕ್ಟರ್ ಸುರೇಶ್ ಅಡ್ವಾಣಿಯವರು ಕಸಿ ಮಾಡಿದರು. ಭಾರತದಲ್ಲಿ ಯಶಸ್ವಿಯಾದ ಮೊದಲ ಮಜ್ಜೆಯ ಕಸಿ ಅದು. ಎಳವೆಯಲ್ಲಿಯೇ ಪೋಲಿಯೋ ತಗಲಿ ಗಾಲಿಕುರ್ಚಿಯಲ್ಲಿ ಕುಳಿತು ಕಲಿತು ವೈದ್ಯರಾದವರು ಅವರು. ಇಂದು ದಹಿಸರಿನಿಂದ ಒಂದೇ ನಿಲ್ದಾಣದಾಚೆ, ಬೊರಿವಲಿಯಲ್ಲಿ, ಮಹಾನಗರಪಾಲಿಕೆಯ ಕೇಂದ್ರದಲ್ಲಿ ಥಲಸ್ಸೇಮಿಯಾ ಪೀಡಿತ ಮಕ್ಕಳಿಗೆ ಈ ಕಸಿ ನಡೆಯುತ್ತಿದೆ.

ಮನೆಯಲ್ಲಿ ಹೊಂದುವವರಿಲ್ಲದಿದ್ದರೆ ಏನು ಗತಿ? ತಂದೆತಾಯಿಗಳ ಅರೆಹೊಂದಿಕೆಯ ಮಜ್ಜೆಯಿಂದಲೂ ಈಗ ಕಸಿ ಮಾಡುವುದುಂಟು. ಇಲ್ಲವೇ ದಾನಿಗಳ ಪಟ್ಟಿಯಲ್ಲಿ ಹುಡುಕಬೇಕು. ಚೆನ್ನೈಯಲ್ಲಿ 2009ರಲ್ಲಿ ಮೊದಲಾದ ದಾತ್ರಿ ಅಂತಹ ಪಟ್ಟಿಯನ್ನಿರಿಸಿದ ಸಂಸ್ಥೆ. ಜಗತ್ತಿನ ಪಟ್ಟಿಗಳಲ್ಲಿ 4 ಕೋಟಿಗೂ ಹೆಚ್ಚು ಹೆಸರುಗಳಿದ್ದರೂ ಭಾರತೀಯರ ಪಾಲು ಅತ್ಯಲ್ಪ. ಗುರುತುಗಳು ವಂಶದಲ್ಲಿ ಹರಿದು ಬರುವುದರಿಂದ ಒಂದೇ ಮೂಲದ ಜನರಲ್ಲಿಯೇ ಹೊಂದಾಣಿಕೆ ಸಿಗುವ ಸಂಭವ ಹೆಚ್ಚು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿಗೆ ಬಂದ ನಾವು ಆ ಗುರುತುಗಳನ್ನು ಎಲುಬಿನೊಳಗೆ ಹೊತ್ತು ತಂದಿದ್ದೇವೆ. ಉಡುಪಿಯ ಮಗುವೊಂದಕ್ಕೆ ಬೇಕಾದ ದಾನಿ ದಹಿಸರಿನಲ್ಲಿ ಇದ್ದಾನು.

ಹದಿನೆಂಟು ತುಂಬಿದವರು ಹೆಸರು ಬರೆಸಬಹುದು. ಪರೀಕ್ಷೆಗೆ ಕೆನ್ನೆಯ ಒಳಬದಿಯನ್ನು ಹತ್ತಿಯಿಂದ ಒರೆಸಿ ಕೊಟ್ಟರಾಯಿತು. ಹೊಂದಿದರೆ ನಾಲ್ಕೈದು ದಿನ ಚುಚ್ಚುಮದ್ದನ್ನು ಪಡೆದು, ತೋಳಿನ ರಕ್ತನಾಳದಿಂದ ಕೆಲವು ಗಂಟೆಗಳಲ್ಲಿ ಆಕರಕೋಶಗಳನ್ನು ಕೊಡಬಹುದು. ಕೊಟ್ಟದ್ದು ದೇಹದಲ್ಲಿ ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಆದರೆ ಒಂದು ಮಾತು: ರೋಗಿಯ ಮಜ್ಜೆಯನ್ನು ತೆರವು ಮಾಡಿದ ಮೇಲೆ ದಾನಿಯು ಹಿಂಜರಿದರೆ ರೋಗಿಯ ಪ್ರಾಣಕ್ಕೇ ಅಪಾಯ. ಚೆನ್ನಾಗಿ ಯೋಚಿಸಿಯೇ ಹೆಸರು ಬರೆಸಬೇಕು.

ಆ ತಂಗಿಗಾಗಿ ದಾನಿಯ ಹುಡುಕಾಟ ಇನ್ನೂ ನಡೆದಿದೆ. ಹುಡುಗನಿಗೆ ಹದಿನೆಂಟಾಗಲು ಮೂರು ವರ್ಷಗಳಿವೆ. ಮೊನ್ನೆ ಆತನು ನಮ್ಮೊಡನೆ, "ನನ್ನದು ತಂಗಿಗೆ ಆಗದಿದ್ದರೆ ಬೇರೆ ಯಾರದೋ ತಂಗಿಗೆ ಆದೀತು, ಗುರುಗಳೇ" ಎಂದನು. ಪಾಠವನ್ನು ಆತನು ಚೆನ್ನಾಗಿ ಕಲಿತಿದ್ದಾನೆ.