ಬಯಲಾದ ಕೀಲಿಕೈ

ಮನೆಯ ಕೀಲಿಕೈ ಕಳೆದುಹೋದರೆ ಒಡೆಯನಿಗೆ ಬೇಗ ತಿಳಿಯುತ್ತದೆ. ಗಣಕಯಂತ್ರದ ಕೀಲಿಕೈ ಹಾಗಲ್ಲ. ಅದು ಅಕ್ಷರ, ಅಂಕಿಗಳ ಒಂದು ಸಾಲು ಮಾತ್ರ. ಪರರು ನಕಲು ಮಾಡಿಕೊಂಡರೂ ಒಡೆಯನ ಬಳಿ ಹಾಗೆಯೇ ಉಳಿದಿರುತ್ತದೆ.

ಅಮೆರಿಕದ ಊಬರ್ ಸಂಸ್ಥೆಯ ಎಂಜಿನಿಯರೊಬ್ಬರು ಇಂಥದೊಂದು ಕೀಲಿಕೈಯನ್ನು ಗಿಟ್‌ಹಬ್ ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇರಿಸಿದ್ದರು. 2014ರ ಮೇ ತಿಂಗಳಲ್ಲಿ ಅನ್ಯನೊಬ್ಬ ಅದನ್ನು ಬಳಸಿ ಸಂಸ್ಥೆಯ ಮಾಹಿತಿ ಭಂಡಾರವನ್ನು ಹೊಕ್ಕನು. ಸಂಸ್ಥೆಗೆ ಅರಿವಾದುದು ಸೆಪ್ಟೆಂಬರಿನಲ್ಲಿ! 1,00,000ಕ್ಕೂ ಹೆಚ್ಚು ಚಾಲಕರ ಹೆಸರು, ಪರವಾನಗಿ ಸಂಖ್ಯೆಗಳು ಪರರ ಪಾಲಾಗಿದ್ದವು.

ಬಯಲಾದ ಕೀಲಿಕೈಗಳನ್ನು ಹುಡುಕುವ ತಂತ್ರಾಂಶಗಳು ಇಂದು ಉಂಟು. ತೊಡಕಿರುವುದು ಅವು ಒಟ್ಟುವ ಎಚ್ಚರಿಕೆಗಳ ರಾಶಿಯಲ್ಲಿ. ಕೆಲವು ಕೀಲಿಕೈಗಳು ಎಂದೋ ರದ್ದಾದವು. ಕೆಲವು ಬರಿಯ ಮಾದರಿಗಳು. ಏಜೆಂಟ್ ಎನಿಸಿಕೊಳ್ಳುವ ಕೃತಕ ಬುದ್ಧಿಮತ್ತೆಯ ತಂತ್ರಾಂಶವು ಈ ರಾಶಿಯನ್ನು ಜರಡಿ ಹಿಡಿಯಬಲ್ಲದು. ಕೀಲಿಕೈ ಇನ್ನೂ ಬೀಗ ತೆರೆಯುವುದೇ, ಒಳಗಿರುವುದೇನು, ಅಪರಿಚಿತರು ಬಳಸಿದ ಗುರುತು ದಾಖಲೆಯಲ್ಲಿ ಉಂಟೇ ಎಂದು ನೋಡಿ, ಹೆಚ್ಚು ಅಪಾಯಕರವಾದುದನ್ನು ಮೊದಲು ಮುಂದಿಡುತ್ತದೆ.

ರದ್ದುಪಡಿಸುವ ತೀರ್ಮಾನವನ್ನು ಮಾತ್ರ ಮನುಷ್ಯನಿಗೆ ಬಿಡುವುದು ಲೇಸು. ಬಳಕೆಯಲ್ಲಿರುವ ಕೀಲಿಕೈಯನ್ನು ಹಠಾತ್ತನೆ ಅಳಿಸಿದರೆ ಅದನ್ನೇ ನೆಚ್ಚಿದ ಸೇವೆ ನಿಂತುಹೋದೀತು. ಆದುದರಿಂದ ಹೊಸದನ್ನು ಅಳವಡಿಸಿದ ಬಳಿಕ ಹಳೆಯದನ್ನು ತೆಗೆಯುವುದು ವಾಡಿಕೆ. ಕಳ್ಳನು ಒಳಹೊಕ್ಕ ಗುರುತು ಕಂಡಾಗಲಾದರೋ ಆ ಸಾವಧಾನಕ್ಕೆ ಎಡೆಯಿಲ್ಲ. ಸೇವೆ ನಿಂತರೂ ಸರಿಯೆ, ಕೀಲಿಕೈ ಒಡನೆಯೇ ರದ್ದಾಗಬೇಕು.